ಕನ್ನಡ ಸಾಹಿತ್ಯದ ಪ್ರಭಾವಿ ತಾಣಗಳನ್ನು ಲಿಂಕ್ ನಕ್ಷೆಯಿಂದ ಹುಡುಕುವುದು ಹೇಗೆ? (ಹೈಫ್, ಗೆಫಿ ಬಳಸಿದವರು ತಿಳಿಸಿ)

ಗ್ರಂಥಪಾಲ_ಹಾಸನ

ಎಲ್ಲರಿಗೂ ನಮಸ್ಕಾರ. ಕನ್ನಡ ಸಾಹಿತ್ಯದ ಜಾಲತಾಣಗಳಲ್ಲಿ, ಅಂದರೆ ವೆಬ್ ಪತ್ರಿಕೆ, ಪುಸ್ತಕ ವಿಮರ್ಶೆಯ ಬ್ಲಾಗು, ವಚನ ಮತ್ತು ಹಳಗನ್ನಡದ ಪಠ್ಯ ಇಟ್ಟಿರುವ ತಾಣ ಇವುಗಳಲ್ಲಿ, ಯಾವುದಕ್ಕೆ ಹೆಚ್ಚು ತೂಕ ಇದೆ ಎಂದು ಕಂಡುಕೊಳ್ಳಬೇಕಾಗಿದೆ. ಹಳೆಯ ನಿಯತಕಾಲಿಕೆಗಳ ಸೂಚಿಯೊಂದನ್ನು ಆನ್‌ಲೈನ್‌ಗೆ ಹಾಕಿದ ಮೇಲೆ ಅದಕ್ಕೆ ಕೊಂಡಿ ಕೊಡಿ ಎಂದು ಮೊದಲು ಯಾರನ್ನು ಕೇಳಬೇಕು ಎನ್ನುವುದೇ ಪ್ರಶ್ನೆ. ಗೂಗಲ್‌ಗೆ ಯಾವ ಪದ ಕೊಟ್ಟರೂ ದಿನಪತ್ರಿಕೆಗಳೇ ಮೇಲೆ ಬರುತ್ತವೆ, ಸಣ್ಣ ತಾಣಗಳು ಕಣ್ಣಿಗೇ ಬೀಳುವುದಿಲ್ಲ. ತಾಣಗಳ ನಂಟನ್ನು ಚಿತ್ರವಾಗಿ ತೋರಿಸುವ ಟಚ್‌ಗ್ರಾಫ್ ಎಂಬ ಸಾಧನದ ಬಗ್ಗೆ ಹಳೆಯ ಬರಹಗಳಲ್ಲಿ ಉಲ್ಲೇಖ ಇದೆ, ಆದರೆ ಬ್ರೌಸರಿನಲ್ಲಿ ತೆರೆಯುತ್ತಿಲ್ಲ. ಈಗ ಅದರ ಜಾಗದಲ್ಲಿ ಏನಿದೆ? ದುಡ್ಡು ಕೊಡದೆ ಆಗುವಂಥದ್ದಾದರೆ ಒಳ್ಳೆಯದು. ಪ್ರೋಗ್ರಾಮಿಂಗ್ ಬರುವುದಿಲ್ಲ, ಎಕ್ಸೆಲ್ ಚೆನ್ನಾಗಿ ಬರುತ್ತದೆ.

ಎಳೆಜಾಲ

ಟಚ್‌ಗ್ರಾಫ್‌ನ ಆ ಗೂಗಲ್ ಬ್ರೌಸರ್ ಜಾವಾ ಆ್ಯಪ್ಲೆಟ್ ಆಗಿತ್ತು ಸರ್. ಕ್ರೋಮ್ 2015ರಲ್ಲಿ ಅಂಥ ಪ್ಲಗಿನ್‌ಗಳನ್ನು ಪೂರ್ತಿ ಕೈಬಿಟ್ಟಿತು, ಉಳಿದ ಬ್ರೌಸರ್‌ಗಳೂ ಅದೇ ದಾರಿ ಹಿಡಿದವು. ಹಾಗಾಗಿ ಅದನ್ನು ತೆರೆಯಲು ಹೆಣಗಬೇಡಿ. ಇನ್ನೊಂದು ವಿಷಯ: ಅದು ತೋರಿಸುತ್ತಿದ್ದದ್ದು ನಿಜವಾದ ಕೊಂಡಿಗಳನ್ನಲ್ಲ, ಗೂಗಲ್ 'ಸಂಬಂಧಿತ ಪುಟಗಳು' ಎಂದು ಕೊಡುತ್ತಿದ್ದ ಪಟ್ಟಿಯನ್ನು. ಯಾರು ಯಾರಿಗೆ ಕೊಂಡಿ ಕೊಟ್ಟಿದ್ದಾರೆ ಎನ್ನುವುದು ಬೇರೆ, ಗೂಗಲ್ ಯಾವುದನ್ನು ಒಂದೇ ಬಗೆಯದೆಂದು ತಿಳಿದಿದೆ ಎನ್ನುವುದು ಬೇರೆ. ಹಳೆಯ ಬರಹಗಳಲ್ಲಿ ಇವೆರಡನ್ನೂ ಬೆರೆಸಿಬಿಟ್ಟಿದ್ದಾರೆ.

ಒಂದು ತಾಣಕ್ಕೆ ಯಾರು ಕೊಂಡಿ ಕೊಟ್ಟಿದ್ದಾರೆ ಎಂದು ಗೂಗಲ್‌ನಲ್ಲಿ 'ಲಿಂಕ್' ಎಂದು ಕೊಟ್ಟು ಹುಡುಕುವ ಸೌಲಭ್ಯವೂ 2017ರಲ್ಲಿ ಹೋಯಿತು. ಟೂಲ್‌ಬಾರಿನಲ್ಲಿ ಕಾಣುತ್ತಿದ್ದ, ಕೊಂಡಿಗಳ ತೂಕ ನೋಡಿ ಗೂಗಲ್ ಪುಟಕ್ಕೆ ಕೊಡುವ ಪೇಜ್‌ರ‍್ಯಾಂಕ್ ಅಂಕಿ 2016ರಲ್ಲೇ ಹೋಗಿತ್ತು. ಈಗ ಇರುವ ದಾರಿ ಎಂದರೆ ಬೇಕಾದ ತಾಣಗಳನ್ನು ನಾವೇ ಕ್ರಾಲ್ ಮಾಡಿ (ತಂತ್ರಾಂಶದಿಂದ ಪುಟಪುಟವನ್ನೂ ಓದಿಸಿ), ಕೊಂಡಿಗಳನ್ನು ಕೂಡಿಸಿ, ನಕ್ಷೆ ಬಿಡಿಸಿಕೊಳ್ಳುವುದು. ಅದಕ್ಕೆ ಎರಡು ಉಚಿತ ಸಾಧನ ಸಾಕು. ಕೊಂಡಿ ಕೂಡಿಸಲು ಹೈಫ್, ಇದು ಪ್ಯಾರಿಸ್‌ನ ಸಿಯಾನ್ಸ್ ಪೋ ಸಂಸ್ಥೆಯ ಮೀಡಿಯಾಲ್ಯಾಬ್ ಮಾಡಿದ್ದು. ನಕ್ಷೆಗೆ ಗೆಫಿ. ಎರಡೂ ಮುಕ್ತ ತಂತ್ರಾಂಶ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಿಚರ್ಡ್ ರಾಜರ್ಸ್ ಅವರ ತಂಡ ಮಾಡಿದ ಇಶ್ಯೂ ಕ್ರಾಲರ್ ಇವೆರಡಕ್ಕಿಂತ ಹಳೆಯದು. ನಾವು ಕೊಟ್ಟ ತಾಣಗಳಲ್ಲಿ ಕನಿಷ್ಠ ಎರಡರಿಂದ ಕೊಂಡಿ ಪಡೆದವನ್ನು ಮಾತ್ರ ಉಳಿಸಿಕೊಳ್ಳುವುದು ಅದರ ಮೂಲ ನಿಯಮ. ಆ ನಿಯಮವನ್ನು ನೆನಪಿಟ್ಟುಕೊಳ್ಳಿ, ಯಾವ ಸಾಧನ ಹಿಡಿದರೂ ಉಪಯೋಗಕ್ಕೆ ಬರುತ್ತದೆ.

ತೆರೆತಂತ್ರ

ಇಷ್ಟೆಲ್ಲ ಯಾಕೆ? ತಾಣಗಳಿಗೆ ಬಂದ ಕೊಂಡಿಗಳನ್ನು ಎಣಿಸುವ ಎಚ್‌ರೆಫ್ಸ್ ಅಥವಾ ಮೆಜೆಸ್ಟಿಕ್‌ನಲ್ಲಿ ಪ್ರತಿ ತಾಣಕ್ಕೂ ಅಂಕ ಸಿಗುತ್ತದೆ, ಅದನ್ನು ಇಳಿಕೆ ಕ್ರಮದಲ್ಲಿ ಜೋಡಿಸಿದರೆ ಆಯಿತು. ಚಿತ್ರವೇ ಬೇಕೆಂದರೆ ತಾಣವನ್ನು ಕ್ರಾಲ್ ಮಾಡುವ ಸ್ಕ್ರೀಮಿಂಗ್ ಫ್ರಾಗ್‌ನಲ್ಲಿ ನಕ್ಷೆ ಬರುತ್ತದಲ್ಲ.

ಬಿಂದುರೇಖೆ

ತೆರೆತಂತ್ರ ಅವರೇ, ಆ ಅಂಕಗಳು ಇಡೀ ವೆಬ್ಬಿಗೆ ಸಂಬಂಧಿಸಿದವು. ಒಂದು ದಿನಪತ್ರಿಕೆಯ ತಾಣಕ್ಕೆ ಸಿನಿಮಾ, ಕ್ರಿಕೆಟ್, ರಾಜಕೀಯ ಎಲ್ಲ ಕಡೆಯಿಂದ ಕೊಂಡಿ ಬಂದಿರುತ್ತದೆ, ಅಂಕ ಎತ್ತರದಲ್ಲೇ ಇರುತ್ತದೆ. ವಚನಗಳ ಬಗ್ಗೆ ಬರೆಯುವವರು ಅದನ್ನು ಆಕರವಾಗಿ ನೋಡುತ್ತಾರೆಯೇ ಎನ್ನುವುದಕ್ಕೆ ಆ ಅಂಕದಲ್ಲಿ ಉತ್ತರ ಇಲ್ಲ. ಗ್ರಂಥಪಾಲರು ಕೇಳುತ್ತಿರುವುದು ಅದನ್ನೇ. ಗೂಗಲ್ ಫಲಿತಾಂಶದಲ್ಲಿ ಅವರಿಗೆ ಆಗುತ್ತಿರುವ ತೊಂದರೆ ಈ ಅಂಕಗಳಲ್ಲೂ ಹಾಗೇ ಇರುತ್ತದೆ.

ಸ್ಕ್ರೀಮಿಂಗ್ ಫ್ರಾಗ್ ತೋರಿಸುವ ಚಿತ್ರ ಒಂದೇ ತಾಣದ ಒಳಗಿನ ಪುಟಗಳದ್ದು. ತಾಣ ತಾಣಗಳ ನಡುವಿನ ನಕ್ಷೆ ಅದಲ್ಲ. ಈ ತಪ್ಪು ತುಂಬ ಕಡೆ ಆಗುತ್ತದೆ. ಆದರೆ ಅದೇ ತಂತ್ರಾಂಶದಲ್ಲಿ ಇನ್ನೊಂದು ಒಳ್ಳೆಯ ಅಂಶ ಇದೆ. ಹೊರಹೋಗುವ ಕೊಂಡಿಗಳನ್ನು ಒಟ್ಟಾಗಿ ರಫ್ತು ಮಾಡಿದರೆ 'ಲಿಂಕ್ ಪೊಸಿಷನ್' ಎಂಬ ಕಾಲಂ ಬರುತ್ತದೆ: ಕೊಂಡಿ ಬರಹದ ಒಳಗೆ ಇದೆಯೋ, ಬದಿಪಟ್ಟಿಯಲ್ಲೋ, ಪುಟದ ಅಡಿಪಟ್ಟಿಯಲ್ಲೋ ಎಂದು. ಬರಹದ ಒಳಗೆ ಯೋಚಿಸಿ ಕೊಟ್ಟ ಕೊಂಡಿಗೂ, ಟೆಂಪ್ಲೇಟಿನ ಜೊತೆ ಎಲ್ಲ ಪುಟಕ್ಕೂ ಅಂಟಿಕೊಂಡು ಬಂದ ಕೊಂಡಿಗೂ ಇರುವ ಅಂತರವನ್ನು ಹೀಗೆ ಹಿಡಿಯಬಹುದು. ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ 500 ವಿಳಾಸದ ಮಿತಿ ಇದೆ. ಒಂದೊಂದು ಸಣ್ಣ ಬ್ಲಾಗನ್ನು ಬೇರೆಬೇರೆಯಾಗಿ ನೋಡಲು ಅಷ್ಟು ಸಾಕು.

ಎಳೆಜಾಲ

ಈಗ ಹೈಫ್‌ನ ಕೆಲಸ. ಇದು ಡಾಕರ್ (ತಂತ್ರಾಂಶವನ್ನು ಬೇಕಾದ ಪರಿಕರಗಳ ಸಮೇತ ಓಡಿಸುವ ಸಾಧನ) ಮೂಲಕ ಕೂರುತ್ತದೆ. ಡಾಕರ್ ಡೆಸ್ಕ್‌ಟಾಪ್ ಹಾಕಿಕೊಂಡು, ಅವರ ಸೂಚನೆಯ ಪುಟದಲ್ಲಿರುವ ನಾಲ್ಕೈದು ಆದೇಶಗಳನ್ನು ನಕಲಿಸಿ ಕೊಟ್ಟರೆ ಬ್ರೌಸರಿನಲ್ಲೇ ತೆರೆಯುತ್ತದೆ. ಪ್ರೋಗ್ರಾಮಿಂಗ್ ಬೇಡ.

ಮೊದಲ ಕೆಲಸ ಬೀಜ ತಾಣಗಳ, ಅಂದರೆ ಕ್ರಾಲ್ ಎಲ್ಲಿಂದ ಹೊರಡಬೇಕೋ ಆ ತಾಣಗಳ ಪಟ್ಟಿ. 20ರಿಂದ 40 ಸಾಕು, ಆದರೆ ಒಂದೇ ಬಗೆಯವು ಬೇಡ. ನಿಮ್ಮ ವಿಷಯಕ್ಕೆ ಹೇಳುವುದಾದರೆ ಅವಧಿ, ಕೆಂಡಸಂಪಿಗೆಯಂಥ ವೆಬ್ ಪತ್ರಿಕೆ, ಸಂಪದದಂಥ ಸಮುದಾಯ ತಾಣ, ಹೊನಲಿನಂಥ ಬರಹಗಾರರ ಕೂಟ, ವಚನ ಸಂಚಯದಂಥ ಪಠ್ಯಕೋಶ, ಕಣಜ, ಜೊತೆಗೆ ಪ್ರಕಾಶಕರು ಮತ್ತು ಬಿಡಿ ಬ್ಲಾಗುಗಳು. ಪ್ರತಿ ಗುಂಪಿನಿಂದ ನಾಲ್ಕೈದು ಇರಲಿ. ಬರೀ ನವ್ಯ ಕಾವ್ಯದ ಬ್ಲಾಗುಗಳಿಂದ ಹೊರಟರೆ ನಕ್ಷೆಯೂ ಅತ್ತಲೇ ವಾಲುತ್ತದೆ, ಹಳಗನ್ನಡದವರು ಅಂಚಿನಲ್ಲಿ ಉಳಿಯುತ್ತಾರೆ. ಮುಂದೆ ಏನು ಲೆಕ್ಕ ಮಾಡಿದರೂ ಆ ವಾಲು ಸರಿಯಾಗದು.

ಬೀಜ ಹುಡುಕಲು ಕನ್ನಡ ವಿಕಿಪೀಡಿಯ ಒಳ್ಳೆಯ ಜಾಗ. ಅಲ್ಲಿ ಹೊರಕೊಂಡಿಗಳನ್ನು ಹುಡುಕುವ ವಿಶೇಷ ಪುಟ ಇದೆ. ಒಂದು ತಾಣದ ಹೆಸರು ಕೊಟ್ಟರೆ ಯಾವ ಯಾವ ಲೇಖನದಲ್ಲಿ ಅದನ್ನು ಉಲ್ಲೇಖಿಸಿದ್ದಾರೆ ಎಂದು ಪಟ್ಟಿ ಬರುತ್ತದೆ. ವಿಕಿಪೀಡಿಯದ ಹೊರಕೊಂಡಿಗಳಿಗೆ 'ನೋಫಾಲೋ' (ಹುಡುಕುಯಂತ್ರಗಳು ಲೆಕ್ಕಕ್ಕೆ ಹಿಡಿಯಬೇಡಿ ಎಂಬ) ಗುರುತು ಇರುವುದರಿಂದ ಎಸ್‌ಇಒ ಸಾಧನಗಳು ಅವಕ್ಕೆ ಬೆಲೆ ಕೊಡುವುದು ಕಡಿಮೆ. ನಮ್ಮ ಕೆಲಸಕ್ಕೆ ಅವೂ ಕೊಂಡಿಗಳೇ.

ಹೈಫ್‌ನಲ್ಲಿ ಬೀಜಗಳನ್ನು ಸೇರಿಸಿ ಕ್ರಾಲ್ ಆಳವನ್ನು 1ಕ್ಕೆ ಇಡಿ. ಅಂದರೆ ಮುಖಪುಟ, ಅಲ್ಲಿಂದ ಒಂದು ಕ್ಲಿಕ್ಕಿನ ದೂರದ ಪುಟಗಳು. ಆಳ 2 ಎಂದರೆ ಸಣ್ಣ ತಾಣಕ್ಕೆ ಪರವಾಗಿಲ್ಲ, ವರ್ಷಗಟ್ಟಲೆಯ ಹಳೆಯ ಬರಹಗಳಿರುವ ವೆಬ್ ಪತ್ರಿಕೆಗೆ ಕೊಟ್ಟರೆ ಪುಟಗಳ ರಾಶಿ ಬೀಳುತ್ತದೆ, ಅವರ ಸರ್ವರಿಗೂ ಹೊರೆ. ಕ್ರಾಲ್ ಮುಗಿದಾಗ 'ಡಿಸ್ಕವರ್ಡ್' ಪಟ್ಟಿಯಲ್ಲಿ ಸಾವಿರಾರು ಹೊಸ ತಾಣಗಳು ಕಾಣುತ್ತವೆ. ಗಾಬರಿ ಬೇಡ. 'ಪ್ರಾಸ್ಪೆಕ್ಟ್' ಎಂಬ ಪುಟಕ್ಕೆ ಹೋದರೆ ಹೆಚ್ಚು ಉಲ್ಲೇಖ ಪಡೆದ ಕ್ರಮದಲ್ಲಿ ಒಂದೊಂದಾಗಿ ಬರುತ್ತವೆ. ಪ್ರತಿಯೊಂದನ್ನೂ ತೆರೆದು ನೋಡಿ ಇನ್, ಔಟ್, ಅನ್‌ಡಿಸೈಡೆಡ್ ಎಂದು ಗುರುತು ಹಾಕಬೇಕು. ಫೇಸ್‌ಬುಕ್, ಯೂಟ್ಯೂಬ್, ಪ್ಲೇ ಸ್ಟೋರ್, ಗೂಗಲ್, ವರ್ಡ್‌ಪ್ರೆಸ್ಸಿನ ಮುಖ್ಯ ತಾಣ, ಇವೆಲ್ಲ ಔಟ್. ಇವನ್ನು ಬಿಟ್ಟರೆ ನಕ್ಷೆಯ ನಡುವೆ ಕೂತು ಎಲ್ಲವನ್ನೂ ತಮ್ಮ ಕಡೆ ಎಳೆದುಕೊಳ್ಳುತ್ತವೆ.

ಇನ್ ಎಂದು ಹೊಸದಾಗಿ ಸೇರಿದವನ್ನು ಮತ್ತೆ ಕ್ರಾಲ್ ಮಾಡಿ, ಮತ್ತೆ ಪ್ರಾಸ್ಪೆಕ್ಟ್ ನೋಡಿ. ಮೂರು ಬೇರೆಬೇರೆ ತಾಣಗಳಿಂದಾದರೂ ಕೊಂಡಿ ಪಡೆದ, ವಿಷಯಕ್ಕೆ ಸೇರಿದ ಹೊಸ ತಾಣ ಸಿಗದೆ ಹೋದಾಗ ನಿಲ್ಲಿಸಬಹುದು. ಯಾವುದು ಒಳಗೆ, ಯಾವುದು ಹೊರಗೆ ಎಂಬ ನಿಯಮವನ್ನು ಶುರುವಿಗೇ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ, ಉದಾಹರಣೆಗೆ 'ಕನ್ನಡದಲ್ಲಿ, ಅರ್ಧಕ್ಕಿಂತ ಹೆಚ್ಚು ಬರಹ ಸಾಹಿತ್ಯದ್ದು'. ಇಲ್ಲದಿದ್ದರೆ ನೂರನೇ ತಾಣಕ್ಕೆ ಬರುವಷ್ಟರಲ್ಲಿ ಅಳತೆಗೋಲು ಬದಲಾಗಿರುತ್ತದೆ.

ಸಹ್ಯಾದ್ರಿ_ಡೇಟಾ

ಬ್ಲಾಗ್‌ಸ್ಪಾಟ್ (ಗೂಗಲ್‌ನ ಬ್ಲಾಗರ್ ಸೇವೆಯ ವಿಳಾಸ) ವಿಷಯ ಇಲ್ಲಿಯೇ ಹೇಳಿಬಿಡಬೇಕು, ಕನ್ನಡದ ಮಟ್ಟಿಗೆ ಅದೇ ದೊಡ್ಡ ತೊಡಕು. ಡೊಮೇನ್ ಮಟ್ಟದಲ್ಲಿ ಎಣಿಸಿದರೆ ಎಲ್ಲ ಬ್ಲಾಗುಗಳೂ ಸೇರಿ 'ಬ್ಲಾಗ್‌ಸ್ಪಾಟ್ ಡಾಟ್ ಕಾಮ್' ಎಂಬ ಒಂದೇ ದೊಡ್ಡ ಚುಕ್ಕೆ ಆಗುತ್ತದೆ. ಹೈಫ್‌ನಲ್ಲಿ ವೆಬ್ ಎಂಟಿಟಿ (ಒಂದು ತಾಣವೆಂದು ನಾವೇ ಗುರುತಿಸುವ ಘಟಕ) ಎಂಬ ಪರಿಕಲ್ಪನೆ ಇರುವುದು ಇದಕ್ಕಾಗಿಯೇ. ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್‌ಗೆ ಉಪಡೊಮೇನನ್ನು ಒಂದು ಘಟಕವಾಗಿ ಹಿಡಿಯುವ ನಿಯಮ ಮೊದಲೇ ಇರುತ್ತದೆ. ಬೇರೆ ಸಾಧನ ಬಳಸಿ ಎಕ್ಸೆಲ್‌ನಲ್ಲಿ ಮಾಡುವವರು ಈ ಕೆಲಸವನ್ನು ಕೈಯಾರೆ ಮಾಡಬೇಕು.

ಎರಡನೆಯದು ಡಾಟ್ ಇನ್ ಸಮಸ್ಯೆ. ಬ್ಲಾಗರ್ ಕೆಲವು ವರ್ಷ ದೇಶಕ್ಕೆ ತಕ್ಕಂತೆ ವಿಳಾಸ ಬದಲಿಸುತ್ತಿತ್ತು, ಭಾರತದಲ್ಲಿ ತೆರೆದವರಿಗೆ ಬ್ಲಾಗ್‌ಸ್ಪಾಟ್ ಡಾಟ್ ಇನ್ ಕಾಣುತ್ತಿತ್ತು. ಜನ ಅದನ್ನೇ ನಕಲಿಸಿ ಕೊಂಡಿ ಕೊಟ್ಟರು. 2020ರಲ್ಲಿ ಆ ಡೊಮೇನೇ ಗೂಗಲ್ ಕೈತಪ್ಪಿತು. ಹಾಗಾಗಿ ಆ ಕೊಂಡಿಗಳು ಈಗ ಒಡೆದಿವೆ, ಕ್ರಾಲರ್ ಅದನ್ನು ಬೇರೆಯೇ ತಾಣ ಎಂದು ಎಣಿಸುತ್ತದೆ. ಒಂದೇ ಬ್ಲಾಗಿನ ತೂಕ ಎರಡು ಕಡೆ ಹಂಚಿಹೋಗಿ ಎರಡೂ ಸಣ್ಣವಾಗಿ ಕಾಣುತ್ತವೆ. ಡಾಟ್ ಇನ್, ಡಾಟ್ ಕಾಮ್ ಎರಡನ್ನೂ ಹೈಫ್‌ನಲ್ಲಿ ಒಂದೇ ಎಂಟಿಟಿಯಾಗಿ ವಿಲೀನ ಮಾಡಿ. ಬ್ಲಾಗಿನಿಂದ ಸ್ವಂತ ಡೊಮೇನಿಗೆ ಹೋದವರದ್ದೂ ಹೀಗೆಯೇ. ಹಳೆಯ ವಿಳಾಸಕ್ಕೆ ಬಂದ ಕೊಂಡಿಗಳನ್ನು ಹೊಸದಕ್ಕೆ ಸೇರಿಸದಿದ್ದರೆ ಹತ್ತು ವರ್ಷದ ಹೆಸರು ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯದು, ಬ್ಲಾಗರ್‌ನ ಡೈನಾಮಿಕ್ ವ್ಯೂ ಟೆಂಪ್ಲೇಟ್ ಹಾಕಿದ ಬ್ಲಾಗುಗಳು. ಇಡೀ ಪುಟ ಜಾವಾಸ್ಕ್ರಿಪ್ಟಿನಿಂದ ಮೂಡುತ್ತದೆ, ಕ್ರಾಲರಿಗೆ ಖಾಲಿ ಪುಟ ಸಿಗುತ್ತದೆ. ಇದು ಕೊಂಡಿ ಕೊಡದ ತಾಣ ಎಂದು ತಪ್ಪು ತಿಳಿಯುತ್ತೇವೆ. ಕ್ರಾಲ್ ಮುಗಿದ ಮೇಲೆ ಹೊರಕೊಂಡಿ ಸೊನ್ನೆ ಬಂದ ತಾಣಗಳನ್ನೆಲ್ಲ ಬೇರೆ ಮಾಡಿ ಕೈಯಿಂದ ತೆರೆದು ನೋಡಿ. ಅಂಥ ಬ್ಲಾಗಿನ ಬರಹಗಳನ್ನು ಅದರ ಫೀಡಿನಿಂದ ತೆಗೆಯಬಹುದು: ವಿಳಾಸದ ಕೊನೆಯಲ್ಲಿ ಓರೆಗೆರೆ ಹಾಕಿ ಫೀಡ್ಸ್, ಪೋಸ್ಟ್ಸ್, ಡಿಫಾಲ್ಟ್ ಎಂಬ ಮೂರು ಪದಗಳನ್ನು ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ, ನಡುನಡುವೆ ಓರೆಗೆರೆ ಇಟ್ಟು ಕೊಟ್ಟರೆ ಸಿಗುತ್ತದೆ.

ಪುಟತಿರುಗು

ಇದಕ್ಕೆ ಒಂದು ಮಾತು ಸೇರಿಸಬೇಕು, ಯಾಕೆಂದರೆ ಕನ್ನಡದಲ್ಲಿ ಲಿಂಕ್ ನಕ್ಷೆ ನಿಜಕ್ಕೂ ಬೇಕಾಗುವುದು ಈ ಕಾರಣಕ್ಕೆ. ಯೂನಿಕೋಡ್ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಮಾಡಿದ ಪುಟಗಳಿವೆ. ಅವುಗಳ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಕನ್ನಡ ಅಕ್ಷರವಲ್ಲ. 'ಪಂಪಭಾರತ' ಎಂದು ಕನ್ನಡದಲ್ಲಿ ಹುಡುಕಿದರೆ ಅಂಥ ಪುಟ ಎಂದಿಗೂ ಸಿಗದು, ಅದರಲ್ಲಿ ಆ ಪದ ಯೂನಿಕೋಡಿನಲ್ಲಿ ಇಲ್ಲವೇ ಇಲ್ಲ. ಆದರೆ ಕೊಂಡಿಯ ವಿಳಾಸ ಫಾಂಟಿನ ಹಂಗಿಲ್ಲದ್ದು. ಯಾರೋ ಒಬ್ಬರು ಆ ಪುಟಕ್ಕೆ ಕೊಂಡಿ ಕೊಟ್ಟಿದ್ದರೆ ಕ್ರಾಲರ್ ಅದನ್ನು ಹಿಡಿಯುತ್ತದೆ. ಪ್ರಾಸ್ಪೆಕ್ಟ್ ಮಾಡುವಾಗ ತೆರೆದ ಪುಟದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಕಸ ಎಂದು ಔಟ್ ಮಾಡಬೇಡಿ. ಅಸ್ಕಿಯಿಂದ (ಆ ಹಳೆಯ ಫಾಂಟುಗಳ ಸಂಕೇತದಿಂದ) ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ನಾಲ್ಕು ಸಾಲು ಹಾಕಿ ಓದಿ ನೋಡಿ. ಗ್ರಂಥಾಲಯದ ಕೆಲಸಕ್ಕೆ ಇಂಥವೇ ಹೆಚ್ಚು ಬೆಲೆಯವು.

ಗ್ರಂಥಪಾಲ_ಹಾಸನ

ಇದು ಹೊಳೆದೇ ಇರಲಿಲ್ಲ, ತುಂಬ ಉಪಕಾರವಾಯಿತು. ಇನ್ ಪಟ್ಟಿಯಲ್ಲಿ ಈಗ 140 ತಾಣ ಆಗಿವೆ. ಇನ್ನು ಗೆಫಿಗೆ ಹೇಗೆ ತರಬೇಕು?

ಬಿಂದುರೇಖೆ

ಹೈಫ್‌ನಿಂದ ಜಿಇಎಕ್ಸ್‌ಎಫ್ ಕಡತ ಇಳಿಸಿ ಗೆಫಿಯಲ್ಲಿ ತೆರೆದರೆ ಸಾಕು. ರಫ್ತು ಮಾಡುವ ಮುನ್ನ ಒಂದು ಪರೀಕ್ಷೆ: ಇನ್ ಆಗಿರುವ ಎಲ್ಲ ತಾಣಗಳೂ ಕ್ರಾಲ್ ಆಗಿವೆಯೇ? ಕ್ರಾಲ್ ಆಗದ ತಾಣಕ್ಕೆ ಒಳಬರುವ ಕೊಂಡಿ ಇರುತ್ತದೆ, ಹೊರಕೊಂಡಿ ಸೊನ್ನೆ ಇರುತ್ತದೆ. ಅದನ್ನು ಉಳಿದವುಗಳ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ರಫ್ತಿಗೆ ಇನ್ ಗುರುತಿನವು ಮಾತ್ರ ಇರಲಿ.

ಸ್ಕ್ರೀಮಿಂಗ್ ಫ್ರಾಗ್‌ನಿಂದ ಬರುವವರಿಗೆ ಸಿಎಸ್‌ವಿ ಕಡತ. ಕಾಲಂಗಳ ಹೆಸರು ಸೋರ್ಸ್ (ಕೊಂಡಿ ಕೊಟ್ಟ ತಾಣ), ಟಾರ್ಗೆಟ್ (ಪಡೆದ ತಾಣ) ಎಂದೇ ಇರಬೇಕು, ಇಲ್ಲದಿದ್ದರೆ ಗೆಫಿ ಅದನ್ನು ಅಂಚುಗಳ (ಅಂದರೆ ಕೊಂಡಿಗಳ) ಪಟ್ಟಿ ಎಂದು ಗುರುತಿಸುವುದಿಲ್ಲ. ಪುಟದ ವಿಳಾಸಗಳನ್ನು ತಾಣದ ಹೆಸರಿಗೆ ಇಳಿಸಿ, ನಕಲುಗಳನ್ನು ತೆಗೆದು ಒಂದು ತಾಣದಿಂದ ಇನ್ನೊಂದಕ್ಕೆ ಒಂದೇ ಸಾಲು ಉಳಿಯುವಂತೆ ಮಾಡಿ. ಬದಿಪಟ್ಟಿಯಲ್ಲಿ ಬ್ಲಾಗುಗಳ ಪಟ್ಟಿ ಇರುವ ತಾಣ 600 ಪುಟಗಳಲ್ಲಿ 600 ಸಲ ಅದೇ ಕೊಂಡಿ ಕೊಟ್ಟಿರುತ್ತದೆ. ಅದು 600 ಮೆಚ್ಚುಗೆ ಅಲ್ಲ, ಒಂದೇ.

ಗೆಫಿ ತೆರೆದಾಗ ಗ್ರಾಫ್ ಬಗೆ 'ಡೈರೆಕ್ಟೆಡ್' ಎಂದು ಕೊಡುವುದನ್ನು ಮರೆಯಬೇಡಿ. ಮರೆತರೆ ಯಾರು ಕೊಟ್ಟರು, ಯಾರು ಪಡೆದರು ಎಂಬ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಸ್ಟ್ಯಾಟಿಸ್ಟಿಕ್ಸ್ ಪಟ್ಟಿಯಲ್ಲಿ ಆವರೇಜ್ ಡಿಗ್ರೀ, ಹಿಟ್ಸ್, ಮಾಡ್ಯುಲಾರಿಟಿ, ನೆಟ್‌ವರ್ಕ್ ಡಯಾಮೀಟರ್ ಇವನ್ನು ಓಡಿಸಿ. ಕೊನೆಯದರಿಂದ, ಉಳಿದ ತಾಣಗಳ ನಡುವಿನ ದಾರಿಯಲ್ಲಿ ಒಂದು ತಾಣ ಎಷ್ಟು ಸಲ ಬರುತ್ತದೆ ಎಂದು ತೋರಿಸುವ ಬಿಟ್ವೀನ್‌ನೆಸ್ ಅಂಕಿ ಬರುತ್ತದೆ. ಚುಕ್ಕೆಯ ಗಾತ್ರವನ್ನು ಇನ್-ಡಿಗ್ರೀಗೆ (ಎಷ್ಟು ತಾಣಗಳಿಂದ ಕೊಂಡಿ ಬಂದಿದೆ ಎಂಬ ಎಣಿಕೆ), ಬಣ್ಣವನ್ನು ಮಾಡ್ಯುಲಾರಿಟಿ ಕ್ಲಾಸಿಗೆ (ತಮ್ಮತಮ್ಮಲ್ಲೇ ಹೆಚ್ಚು ಕೊಂಡಿ ಇರುವ ತಾಣಗಳ ಗುಂಪು) ಕಟ್ಟಿ. ಗಾತ್ರ ಕನಿಷ್ಠ 8, ಗರಿಷ್ಠ 50 ಕೊಟ್ಟು ನೋಡಿ.

ವಿನ್ಯಾಸಕ್ಕೆ ಫೋರ್ಸ್ ಅಟ್ಲಾಸ್ 2. ಕೊಂಡಿ ಇರುವ ಚುಕ್ಕೆಗಳು ಒಂದನ್ನೊಂದು ಸೆಳೆಯುತ್ತವೆ, ಎಲ್ಲ ಚುಕ್ಕೆಗಳೂ ಒಂದನ್ನೊಂದು ದೂಡುತ್ತವೆ, ಎರಡರ ಜಗ್ಗಾಟ ನಿಂತಾಗ ಆಕಾರ ಬರುತ್ತದೆ. 140 ಚುಕ್ಕೆಗೆ ಸ್ಕೇಲಿಂಗ್ 10ರಿಂದ ಶುರು ಮಾಡಿ, ಗಂಟಾಗಿ ಕಂಡರೆ ಏರಿಸಿ. ಗುಂಪುಗಳು ಬಿಡಿಬಿಡಿಯಾಗಿ ಕಾಣಬೇಕೆಂದರೆ ಲಿನ್‌ಲಾಗ್ ಮೋಡ್ ಹಾಕಿ, ಹಾಕಿದ ಮೇಲೆ ಸ್ಕೇಲಿಂಗ್ ಬಹಳ ಇಳಿಸಬೇಕಾಗುತ್ತದೆ. 'ಪ್ರಿವೆಂಟ್ ಓವರ್‌ಲ್ಯಾಪ್' ಅನ್ನು ಕೊನೆಯಲ್ಲಷ್ಟೇ ಹಾಕಿ, ಮೊದಲೇ ಹಾಕಿದರೆ ಚುಕ್ಕೆಗಳು ಒಂದನ್ನೊಂದು ದಾಟಲಾರದೆ ತಪ್ಪು ಜಾಗದಲ್ಲಿ ಸಿಕ್ಕಿಬೀಳುತ್ತವೆ. ನಕ್ಷೆಯಲ್ಲಿ ಮೇಲೆ, ಕೆಳಗೆ, ಎಡ, ಬಲ ಯಾವುದಕ್ಕೂ ಅರ್ಥವಿಲ್ಲ. ಹತ್ತಿರ, ದೂರ ಎನ್ನುವುದಕ್ಕಷ್ಟೇ ಅರ್ಥ.

ಗ್ರಂಥಪಾಲ_ಹಾಸನ

ಮಾಡಿ ನೋಡಿದೆ. ಮೂರು ತೊಂದರೆ. ಒಂದು, ಎಲ್ಲಕ್ಕಿಂತ ದೊಡ್ಡ ಚುಕ್ಕೆಗಳಲ್ಲಿ ಒಂದು ಬ್ಲಾಗ್ ಟೆಂಪ್ಲೇಟ್ ಮಾರುವವರ ತಾಣ, ಗಮನಿಸದೆ ಇನ್ ಮಾಡಿಬಿಟ್ಟಿದ್ದೇನೆ. ಎರಡು, ಕನ್ನಡ ಹೆಸರುಗಳೆಲ್ಲ ಚೌಕಗಳಾಗಿ ಕಾಣುತ್ತಿವೆ. ಮೂರು, ಮಾಡ್ಯುಲಾರಿಟಿ ಒಮ್ಮೆ 6 ಗುಂಪು ಕೊಟ್ಟಿತು, ಇನ್ನೊಮ್ಮೆ 8. ಯಾವುದನ್ನು ನಂಬಬೇಕು?

ಸಹ್ಯಾದ್ರಿ_ಡೇಟಾ

ಮೊದಲನೆಯದು ಬ್ಲಾಗಿನ ಅಡಿಯಲ್ಲಿ ಬರುವ 'ವಿನ್ಯಾಸ ಇಂಥವರದು' ಎಂಬ ಸಾಲಿನಿಂದ ಬಂದದ್ದು. ಔಟ್ ಮಾಡಿ ಮತ್ತೆ ರಫ್ತು ಮಾಡಿ. ಭೇಟಿ ಎಣಿಸುವ ಕೌಂಟರ್ ಸೇವೆಗಳು, ಕಾಪಿರೈಟ್ ಬ್ಯಾಡ್ಜ್‌ಗಳು, ಚುಟುಕು ವಿಳಾಸದ ಸೇವೆಗಳೂ ಹೀಗೆಯೇ ಉಬ್ಬಿಕೊಳ್ಳುತ್ತವೆ. ಚುಟುಕು ವಿಳಾಸಗಳನ್ನು ಮಾತ್ರ ಬಿಸಾಡುವ ಮುನ್ನ ಬಿಡಿಸಿ ನೋಡಿ, ಅವುಗಳ ಹಿಂದೆ ನಿಮ್ಮ ಕ್ಷೇತ್ರದ್ದೇ ತಾಣ ಇರಬಹುದು.

ಚೌಕಗಳು ಫಾಂಟಿನ ತೊಂದರೆ. ಪ್ರಿವ್ಯೂನಲ್ಲಿ ನೋಟೋ ಸ್ಯಾನ್ಸ್ ಕನ್ನಡದಂಥ ಕನ್ನಡ ಇರುವ ಫಾಂಟ್ ಕೊಡಿ. ಆಗಲೂ ಒತ್ತಕ್ಷರ ಒಡೆದು ಬಂದರೆ ಎಸ್‌ವಿಜಿಯಾಗಿ ರಫ್ತು ಮಾಡಿ ಇಂಕ್‌ಸ್ಕೇಪ್‌ನಲ್ಲಿ ತೆರೆದು ಅಲ್ಲಿ ಫಾಂಟ್ ಬದಲಿಸಿ. ಕಡತವೇ ಎಕ್ಸೆಲ್‌ನಲ್ಲಿ ಕೆಟ್ಟಿರುವ ಸಾಧ್ಯತೆಯೂ ಇದೆ. ಉಳಿಸುವಾಗ ಬರೀ ಸಿಎಸ್‌ವಿ ಅಲ್ಲ, ಸಿಎಸ್‌ವಿ ಯುಟಿಎಫ್-8 ಎಂಬುದನ್ನೇ ಆರಿಸಬೇಕು. ಕನ್ನಡದಲ್ಲೇ ಇರುವ ಡಾಟ್ ಭಾರತ ವಿಳಾಸಗಳು ಕ್ರಾಲರಿನಲ್ಲಿ ಪ್ಯುನಿಕೋಡ್ ಎಂಬ ಸಂಕೇತ ರೂಪದಲ್ಲಿ ಬರುತ್ತವೆ, ಅದು ದೋಷ ಅಲ್ಲ, ಹೆಸರಿನ ಕಾಲಂನಲ್ಲಿ ನೀವೇ ಕನ್ನಡದಲ್ಲಿ ಬರೆದುಕೊಳ್ಳಿ.

ಗುಂಪುಗಳ ವಿಷಯ: ಗೆಫಿ ಬಳಸುವುದು 2008ರಲ್ಲಿ ಪ್ರಕಟವಾದ ಲೂವೇನ್ ವಿಧಾನ. ಅದು ಚುಕ್ಕೆಗಳನ್ನು ಯಾದೃಚ್ಛಿಕ ಕ್ರಮದಲ್ಲಿ ಎತ್ತಿಕೊಳ್ಳುತ್ತದೆ, ಹಾಗಾಗಿ ಪ್ರತಿ ಸಲ ಅಷ್ಟಿಷ್ಟು ಬದಲಾಗುತ್ತದೆ. ಐದು ಸಲ ಓಡಿಸಿ, ಪ್ರತಿ ಸಲದ ಕಾಲಂ ಬೇರೆ ಹೆಸರಿನಲ್ಲಿ ನಕಲಿಸಿಟ್ಟುಕೊಳ್ಳಿ. ಐದರಲ್ಲೂ ಜೊತೆಯಲ್ಲೇ ಇರುವ ತಾಣಗಳು ನಿಜವಾದ ಗುಂಪು. ಗುಂಪು ಬದಲಿಸುತ್ತಲೇ ಇರುವ ಒಂದೆರಡು ತಾಣಗಳನ್ನು ಬೇರೆಯಾಗಿ ಗುರುತಿಸಿಡಿ, ಅವು ಎರಡು ಗುಂಪಿನ ನಡುವಿನ ಸೇತುವೆ ಆಗಿರುವುದೇ ಹೆಚ್ಚು. ರೆಸಲ್ಯೂಷನ್ 1ಕ್ಕಿಂತ ಇಳಿಸಿದರೆ ಸಣ್ಣ ಗುಂಪುಗಳು ಹೆಚ್ಚು ಬರುತ್ತವೆ, ಏರಿಸಿದರೆ ದೊಡ್ಡ ಗುಂಪುಗಳು ಕಡಿಮೆ ಬರುತ್ತವೆ.

ತೆರೆತಂತ್ರ

ಇನ್-ಡಿಗ್ರೀ ಯಾಕೆ, ಪೇಜ್‌ರ‍್ಯಾಂಕ್ ಹಾಕಬಹುದಲ್ಲ? ಗೆಫಿಯಲ್ಲೇ ಇದೆ.

ಬಿಂದುರೇಖೆ

ಹಾಕಬಹುದು. ಗೂಗಲ್ ಕಟ್ಟಿದ ಬ್ರಿನ್ ಮತ್ತು ಪೇಜ್ 1998ರಲ್ಲಿ ಹೇಳಿದ 0.85 ಎಂಬ ಡ್ಯಾಂಪಿಂಗ್ ಅಂಕಿಯೇ (ಓದುಗ ಕೊಂಡಿ ಹಿಡಿದು ಮುಂದೆ ಹೋಗುವ ಸಾಧ್ಯತೆ) ಗೆಫಿಯಲ್ಲೂ ಮೊದಲೇ ತುಂಬಿರುತ್ತದೆ. ಆದರೆ ನೂರು, ನೂರೈವತ್ತು ತಾಣಗಳ ನಕ್ಷೆಯಲ್ಲಿ ಒಂದು ವಿಚಿತ್ರ ಆಗುತ್ತದೆ. ತೂಕದ ತಾಣವೊಂದು ಒಂದೇ ಒಂದು ಕಡೆ ಕೊಂಡಿ ಕೊಟ್ಟಿದ್ದರೆ ಅದರ ಪಾಲೆಲ್ಲ ಆ ಒಂದಕ್ಕೆ ಹರಿದುಬಿಡುತ್ತದೆ. ವೆಬ್ ಪತ್ರಿಕೆಯೊಂದು ತನ್ನದೇ ಪ್ರಕಾಶನದ ತಾಣಕ್ಕೆ ಮಾತ್ರ ಕೊಂಡಿ ಕೊಟ್ಟರೆ ಆ ಪ್ರಕಾಶನ ಮೊದಲ ಹತ್ತರೊಳಗೆ ಬಂದು ಕೂರುತ್ತದೆ. ಇನ್-ಡಿಗ್ರೀಯಲ್ಲಿ ಹಾಗಾಗದು, ಯಾರು ಯಾರು ಕೊಟ್ಟರು ಎಂದು ಬೆರಳು ಮಡಿಸಿ ಎಣಿಸಿ ತೋರಿಸಬಹುದು. ಇನ್-ಡಿಗ್ರೀಗೂ ಅದರದೇ ದೌರ್ಬಲ್ಯ ಇದೆ. ಕಲ್ಪಿಸಿಕೊಳ್ಳಿ, ಒಂದು ತಾಣಕ್ಕೆ 20 ಕೊಂಡಿ ಇವೆ, 17 ಒಂದೇ ಗೆಳೆಯರ ಗುಂಪಿನವು. ಇನ್ನೊಂದಕ್ಕೆ 9 ಮಾತ್ರ, ಆದರೆ ನಾಲ್ಕು ಗುಂಪಿನಿಂದ ಬಂದಿವೆ. ನನ್ನ ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ಪ್ರಭಾವಿ. ಗೆಫಿಯ ಡೇಟಾ ಲ್ಯಾಬೊರೇಟರಿಯಿಂದ ಪಟ್ಟಿಯನ್ನು ಎಕ್ಸೆಲ್‌ಗೆ ತಂದು, 'ಎಷ್ಟು ಗುಂಪುಗಳಿಂದ ಕೊಂಡಿ ಬಂದಿದೆ' ಎಂಬ ಕಾಲಂ ಸೇರಿಸಿ ಪಿವಟ್ ಮಾಡಿದರೆ ಈ ಅಂಕಿ ಸಿಗುತ್ತದೆ. ಗೆಫಿಯಲ್ಲಿ ಇದಕ್ಕೆ ಬಟನ್ ಇಲ್ಲ, ಹತ್ತು ನಿಮಿಷದ ಕೆಲಸ ಅಷ್ಟೇ.

ಎಳೆಜಾಲ

ಗ್ರಂಥಪಾಲರು ಮೊದಲು ಕೇಳಿದ ಪ್ರಶ್ನೆಗೆ ಬರೋಣ, ಕೊಂಡಿ ಕೊಡಿ ಎಂದು ಯಾರನ್ನು ಕೇಳಬೇಕು? ಇಲ್ಲಿಯವರೆಗೆ ನಾವೆಲ್ಲ ಮಾತಾಡಿದ್ದು ಕೊಂಡಿ ಪಡೆದವರ ಬಗ್ಗೆ. ನಿಮಗೆ ಬೇಕಿರುವುದು ಕೊಂಡಿ ಕೊಡುವವರು. ಈ ಎರಡು ಪಾತ್ರಗಳನ್ನು ಬಿಡಿಸಿ ಅಳೆಯುವುದಕ್ಕೇ ಜಾನ್ ಕ್ಲೈನ್‌ಬರ್ಗ್ 1999ರಲ್ಲಿ ಪ್ರಕಟಿಸಿದ ಹಿಟ್ಸ್ ಇರುವುದು. ಅದರಲ್ಲಿ ಪ್ರತಿ ತಾಣಕ್ಕೂ ಎರಡು ಅಂಕ. ಒಳ್ಳೆಯ ಕೈಮರಗಳೆಲ್ಲ ಯಾವುದರ ಕಡೆ ಬೊಟ್ಟು ಮಾಡುತ್ತವೋ ಅದು ಅಥಾರಿಟಿ. ಒಳ್ಳೆಯ ಆಕರಗಳ ಕಡೆ ಬೊಟ್ಟು ಮಾಡುವುದು ಹಬ್. ಒಂದು ಇನ್ನೊಂದನ್ನು ನಿರ್ಧರಿಸುತ್ತದೆ.

ದೊಡ್ಡ ಅಥಾರಿಟಿ ತಾಣಗಳು, ಮುಖ್ಯವಾಗಿ ಪಠ್ಯಕೋಶಗಳು, ಹೊರಗೆ ಕೊಂಡಿ ಕೊಡುವುದು ಕಡಿಮೆ. ಅವರಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯುವ ಬದಲು ಹಬ್ ಅಂಕದ ಕಾಲಂನಲ್ಲಿ ಮೊದಲ 15 ತಾಣ ಹಿಡಿಯಿರಿ. ಅವುಗಳಲ್ಲಿ ಈಗಲೂ ಹೊಸ ಬರಹ ಬರುತ್ತಿರುವವು ಯಾವುವು, ಕೊಂಡಿಗಳು ಬರಹದೊಳಗೆ ಇವೆಯೋ ಬದಿಪಟ್ಟಿಯಲ್ಲೋ ಎಂದು ನೋಡಿ. ಬರಹದೊಳಗೆ ಕೊಂಡಿ ಕೊಡುವ ಅಭ್ಯಾಸ ಇರುವವರು ನಿಮ್ಮ ಸೂಚಿಯನ್ನು ಬಳಸುತ್ತಲೇ ಕೊಂಡಿಯನ್ನೂ ಕೊಡುತ್ತಾರೆ. ಹಬ್ ಅಂಕ ಓದುವಾಗ ಒಂದು ಎಚ್ಚರ: ಸಿಕ್ಕಸಿಕ್ಕ ತಾಣಗಳನ್ನೆಲ್ಲ ಪಟ್ಟಿ ಮಾಡಿರುವ ಡೈರೆಕ್ಟರಿ ಇದ್ದರೆ ಅದರ ಅಂಕ ಆಕಾಶ ಮುಟ್ಟುತ್ತದೆ. ಅಂಥದ್ದನ್ನು ಬೀಜ ಹುಡುಕಲು ಬಳಸಿ, ನಕ್ಷೆಯಿಂದ ತೆಗೆದುಬಿಡಿ.

ಒಂದೊಂದು ಗುಂಪಿನಿಂದ ಒಬ್ಬರನ್ನಾದರೂ ಕೇಳಿ. ಅಮೆರಿಕದ 2004ರ ಚುನಾವಣೆಯ ವೇಳೆಯ ರಾಜಕೀಯ ಬ್ಲಾಗುಗಳನ್ನು ಅಡಾಮಿಕ್ ಮತ್ತು ಗ್ಲ್ಯಾನ್ಸ್ ನಕ್ಷೆ ಮಾಡಿದಾಗ ಎರಡು ಬಣಗಳ ಕೊಂಡಿಗಳಲ್ಲಿ ಶೇ. 91ರಷ್ಟು ತಮ್ಮ ಬಣದೊಳಗೇ ಉಳಿದಿದ್ದವು. ಸಾಹಿತ್ಯದಲ್ಲಿ ಅಷ್ಟು ಗಟ್ಟಿ ಗೋಡೆ ಇರಬೇಕೆಂದೇನಿಲ್ಲ, ಆದರೂ ನಿಮ್ಮ ನಕ್ಷೆಯಲ್ಲಿ ಈ ಪ್ರಮಾಣ ಎಷ್ಟೆಂದು ಲೆಕ್ಕ ಹಾಕಿ. ಹೆಚ್ಚಿದ್ದರೆ ಒಂದು ಗುಂಪಿನಲ್ಲಿ ಪಡೆದ ಹೆಸರು ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ. ಆಗ ಬಿಟ್ವೀನ್‌ನೆಸ್ ಹೆಚ್ಚಿರುವ ಸೇತುವೆ ತಾಣಗಳಿಗೆ ಮೊದಲು ಹೋಗಬೇಕು.

ತೆರೆತಂತ್ರ

ಒಪ್ಪಿದೆ. ಆದರೆ ಈಗ ಸಾಹಿತ್ಯದ ಮಾತುಕತೆ ನಡೆಯುವುದು ಯೂಟ್ಯೂಬ್, ಫೇಸ್‌ಬುಕ್, ವಾಟ್ಸ್ಆ್ಯಪ್‌ನಲ್ಲಿ. ಅದನ್ನೆಲ್ಲ ಔಟ್ ಮಾಡಿದರೆ ಅರ್ಧ ಚಿತ್ರ ಹೋಯಿತಲ್ಲ?

ಬಿಂದುರೇಖೆ

ವಾಟ್ಸ್ಆ್ಯಪ್ ಯಾವ ಕ್ರಾಲರಿಗೂ ಕಾಣುವುದಿಲ್ಲ, ಫೇಸ್‌ಬುಕ್ ಲಾಗಿನ್ ಕೇಳುತ್ತದೆ. ಆ ಮಟ್ಟಿಗೆ ನಿಮ್ಮ ಮಾತು ಸರಿ, ನಕ್ಷೆಯ ಕೆಳಗೆ 'ಇದು ತೆರೆದ ವೆಬ್ಬಿನ ಕೊಂಡಿಗಳು ಮಾತ್ರ' ಎಂದು ಬರೆಯಲೇಬೇಕು. ಯೂಟ್ಯೂಬನ್ನು ಅರ್ಧ ಉಳಿಸಿಕೊಳ್ಳಬಹುದು. ಇಡೀ ಯೂಟ್ಯೂಬನ್ನು ಒಂದೇ ಚುಕ್ಕೆ ಮಾಡದೆ ಒಂದೊಂದು ಚಾನೆಲನ್ನು ಒಂದು ಎಂಟಿಟಿಯಾಗಿ ಹೈಫ್‌ನಲ್ಲಿ ಕಟ್ಟಿ. ಒಂದೇ ಚಾನೆಲಿಗೆ ಹಳೆಯ ಯೂಸರ್ ವಿಳಾಸ, ಉದ್ದ ಸಂಕೇತದ ವಿಳಾಸ, 2022ರಿಂದ ಬಂದ ಅಟ್ ಗುರುತಿನ ಹೆಸರು ಹೀಗೆ ಹಲವು ರೂಪ ಇರುತ್ತವೆ, ವಿಲೀನ ಮಾಡಿ. ತಾಣಗಳು ಬಿಡಿ ವಿಡಿಯೋಗೆ ಕೊಟ್ಟ ಕೊಂಡಿ ಮಾತ್ರ ಚಾನೆಲಿಗೆ ತಾನಾಗಿ ಸೇರುವುದಿಲ್ಲ, ಅದನ್ನು ಕೈಯಿಂದ ಹೊಂದಿಸಬೇಕು. ಹತ್ತಿಪ್ಪತ್ತು ಮುಖ್ಯ ಚಾನೆಲ್‌ಗಳಿಗೆ ಮಾಡಿದರೆ ಸಾಕು.

ಗ್ರಂಥಪಾಲ_ಹಾಸನ

ಕೊನೆಯ ಪ್ರಶ್ನೆ. ಇನ್-ಡಿಗ್ರೀಯಲ್ಲಿ ಮೊದಲ 30ರೊಳಗೆ ಬಂದ ಕೆಲವು ತಾಣಗಳು ತೆರೆಯುತ್ತಲೇ ಇಲ್ಲ. ಒಂದಂತೂ ಜೂಜಿನ ತಾಣವಾಗಿದೆ. ಇವನ್ನು ಅಳಿಸಲೇ?

ಪುಟತಿರುಗು

ಅಳಿಸಬೇಡಿ, 'ನಿಂತಿದೆ' ಎಂದು ಒಂದು ಕಾಲಂ ಮಾಡಿ ಗುರುತು ಹಾಕಿ. ತಾಣ ನಿಂತರೂ ಅದಕ್ಕೆ ಕೊಟ್ಟ ಕೊಂಡಿಗಳು ಬೇರೆಯವರ ಪುಟಗಳಲ್ಲಿ ಉಳಿದಿರುತ್ತವೆ, ಅದಕ್ಕೇ ಚುಕ್ಕೆ ದೊಡ್ಡದು. ಡೊಮೇನ್ ನವೀಕರಿಸದೆ ಬಿಟ್ಟಾಗ ಹಳೆಯ ಕೊಂಡಿಗಳ ಆಸೆಗೆ ಜೂಜಿನವರು ಕೊಂಡುಕೊಳ್ಳುತ್ತಾರೆ. ಅಂಥ ತಾಣ 200 ಎಂಬ ಸರಿಯಾದ ಉತ್ತರವನ್ನೇ ಕೊಡುತ್ತದೆ, ಆದ್ದರಿಂದ 404 (ಪುಟ ಇಲ್ಲ ಎಂಬ ಉತ್ತರ) ಎಣಿಸಿದರೆ ಸಾಲದು, ಮೊದಲ 30ನ್ನು ಒಂದೊಂದಾಗಿ ಕಣ್ಣಿಂದ ನೋಡಲೇಬೇಕು. ಹಳೆಯ ಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಹಳೆಯ ವಿಳಾಸ ಹಾಕಿದರೆ ಆಗ ಅಲ್ಲಿ ಏನಿತ್ತು, ಯಾವ ವರ್ಷದವರೆಗೆ ಇತ್ತು ಎಂದು ತಿಳಿಯುತ್ತದೆ. ನಿಂತ ತಾಣದ ಕೊಂಡಿ ಪಟ್ಟಿಯೂ ಅಲ್ಲೇ ಸಿಗುತ್ತದೆ, ಹೊಸ ಬೀಜಗಳು ಅದರಿಂದಲೇ ಬರಬಹುದು.

ನಿಮ್ಮ ಕೆಲಸಕ್ಕೆ ಇದರಲ್ಲಿ ನೇರ ಉಪಯೋಗವೂ ಇದೆ. ನಿಂತ ತಾಣದಲ್ಲಿ ಹಳೆಯ ನಿಯತಕಾಲಿಕೆಗಳ ಮಾಹಿತಿ ಇದ್ದಿದ್ದರೆ, ಗೆಫಿಯ ಫಿಲ್ಟರ್‌ಗಳಲ್ಲಿ ಈಗೊ ನೆಟ್‌ವರ್ಕ್ ಆರಿಸಿ ಆ ಚುಕ್ಕೆಯನ್ನು ಕೊಡಿ, ಆಳ 1. ಅದಕ್ಕೆ ಕೊಂಡಿ ಕೊಟ್ಟಿರುವ ತಾಣಗಳೆಲ್ಲ ಬರುತ್ತವೆ. ಅವರಿಗೆ ಬರೆಯುವಾಗ ಯಾವ ಪುಟದ ಯಾವ ಸಾಲಿನಲ್ಲಿ ಕೊಂಡಿ ಒಡೆದಿದೆ ಎಂದು ವಿಳಾಸ ಸಮೇತ ತಿಳಿಸಿ, ಅದೇ ಮಾಹಿತಿ ಈಗ ನಿಮ್ಮ ಸೂಚಿಯ ಇಂಥ ಪುಟದಲ್ಲಿದೆ ಎಂದು ಪಕ್ಕದಲ್ಲೇ ಕೊಡಿ. ಸೂಚಿಯ ಮುಖಪುಟವನ್ನು ಕೊಡಬೇಡಿ, ಆ ಪತ್ರಿಕೆಯ ಪುಟವನ್ನೇ ಕೊಡಿ.

ಗ್ರಂಥಪಾಲ_ಹಾಸನ

ಹಾಗೇ ಮಾಡುತ್ತೇನೆ ಸರ್. ನಿಂತ ತಾಣಗಳ ಕಾಲಂ ಸೇರಿಸಿ, ಟೆಂಪ್ಲೇಟ್ ತಾಣ ತೆಗೆದು, ಡಾಟ್ ಇನ್ ವಿಳಾಸಗಳನ್ನು ವಿಲೀನ ಮಾಡಿ ಮತ್ತೊಮ್ಮೆ ರಫ್ತು ಮಾಡುತ್ತಿದ್ದೇನೆ. ಹಬ್ ಪಟ್ಟಿ ಬಂದ ಮೇಲೆ ಎಸ್‌ವಿಜಿ ಇಲ್ಲಿಯೇ ಹಾಕುತ್ತೇನೆ, ಗುಂಪುಗಳ ಹೆಸರು ಸರಿಯಿದೆಯೇ ಎಂದು ದಯವಿಟ್ಟು ನೋಡಿಕೊಡಿ.